ಹಳೆಯ ಇನ್ನೋವಾದ ಗೇರ್ ಬಾಕ್ಸ್ ಇಳಿಸಿ ಕಟ್ಟಿಸಿದ ಅನುಭವ

ನಮ್ಮ ಮನೆಯಲ್ಲಿರುವ ಟೊಯೋಟಾ ಇನ್ನೋವಾ 2008ರ ಗಾಡಿ. 2016ರಲ್ಲಿ ಇದರ ಮುಂದಿನ ತಲೆಮಾರಾದ ಕ್ರಿಸ್ಟಾ ಬರುವುದಕ್ಕೆ ಮುಂಚೆ ಬಿಡದಿಯ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಮೊದಲ ತಲೆಮಾರಿನದು. 2494 ಸಿಸಿಯ ಡೀಸೆಲ್ ಎಂಜಿನ್, ಕೈಯಿಂದ ಹಾಕುವ ಐದು ಗೇರು, ಎಳೆತವೆಲ್ಲ ಹಿಂದಿನ ಚಕ್ರಗಳಿಗೆ. ಮಾವನವರು ಕೊಂಡ ಈ ಗಾಡಿಯನ್ನು ಅವರ ನಂತರ ಹೆಚ್ಚಾಗಿ ಓಡಿಸುತ್ತಿರುವವಳು ನಾನು. ಮಧುಗಿರಿ ತಾಲ್ಲೂಕಿನಲ್ಲಿರುವ ತೋಟಕ್ಕೆ, ತಿಪಟೂರಿನಲ್ಲಿರುವ ತಂಗಿಯ ಮನೆಗೆ, ಸಿದ್ಧಗಂಗೆಯ ಜಾತ್ರೆಗೆ, ಗೊರವನಹಳ್ಳಿಗೆ, ಹೀಗೆ ಎಲ್ಲಿಗೆ ಹೋದರೂ ಮನೆಮಂದಿಯೆಲ್ಲ ಒಟ್ಟಿಗೆ ಕೂತು ಹೋಗುವುದು ಇದರಲ್ಲೇ. ನೋಂದಣಿಯ 15 ವರ್ಷ ತುಂಬಿದಾಗ 2023ರಲ್ಲಿ ತುಮಕೂರಿನ ಆರ್‌ಟಿಒ ಕಚೇರಿಯಲ್ಲಿ ಫಿಟ್‌ನೆಸ್ ಮಾಡಿಸಿ, ಹಸಿರು ತೆರಿಗೆ ಕಟ್ಟಿ, ಮುಂದಿನ ಐದು ವರ್ಷಕ್ಕೆ ನವೀಕರಿಸಿಕೊಂಡೆವು. ಎಂಜಿನ್ ಚೆನ್ನಾಗಿತ್ತು, ಚಾಸಿಗೆ ತುಕ್ಕು ಹಿಡಿದಿರಲಿಲ್ಲ, ಹೊಸ ಗಾಡಿಯ ಬೆಲೆ ನಮ್ಮ ಕೈಗೆ ಎಟುಕುವಂತಿರಲಿಲ್ಲ. ಆದ್ದರಿಂದ ಈ ಗಾಡಿಯನ್ನೇ ಸರಿಯಾಗಿ ಇಟ್ಟುಕೊಳ್ಳಬೇಕೆಂದು ಅಂದೇ ತೀರ್ಮಾನಿಸಿದೆವು. ಆ ತೀರ್ಮಾನಕ್ಕೆ ಮೊದಲ ಪರೀಕ್ಷೆ ಒಡ್ಡಿದ್ದು ಗೇರ್ ಬಾಕ್ಸು.

ಎಂಜಿನ್ ಆಯಿಲ್ ಬದಲಿಸುವುದನ್ನು ಯಾರೂ ಮರೆಯುವುದಿಲ್ಲ. ಗೇರ್ ಬಾಕ್ಸಿನೊಳಗೂ ಎಣ್ಣೆ ಇದೆ, ಅದೂ ಹಳತಾಗುತ್ತದೆ, ಅದರ ಮಟ್ಟ ನೋಡಲು ಎಂಜಿನ್ನಿಗಿರುವಂತೆ ಎಳೆದು ನೋಡುವ ಕಡ್ಡಿ ಇಲ್ಲ, ಗಾಡಿಯ ಕೆಳಗೆ ಇಳಿದು ಬೋಲ್ಟ್ ಬಿಚ್ಚಿಯೇ ನೋಡಬೇಕು ಎಂಬುದು ಬಹಳ ಮಂದಿಯ ಗಮನಕ್ಕೆ ಬರುವುದೇ ಇಲ್ಲ. ನಮ್ಮ ಗಾಡಿಯಲ್ಲಿ ತೊಂದರೆ ಮೊದಲು ಕಂಡದ್ದು ಮನೆಯ ಮುಂದಿನ ಸಿಮೆಂಟ್ ನೆಲದ ಮೇಲೆ. ಮಧ್ಯದ ಸೀಟಿನ ಕೆಳಭಾಗಕ್ಕೆ ಸರಿಯಾಗಿ ಕಪ್ಪು ಕಲೆ ಬೀಳತೊಡಗಿತು. ನಗರದ ಒಂದು ವರ್ಕ್‌ಶಾಪಿಗೆ ತೋರಿಸಿದಾಗ ಗೇರ್ ಬಾಕ್ಸಿನ ಹಿಂದಿನ ಆಯಿಲ್ ಸೀಲ್ (ಎಣ್ಣೆ ಸೋರದಂತೆ ತಡೆಯುವ ಉಂಗುರ) ಹೋಗಿದೆ ಎಂದು ಹೇಳಿ ಹೊಸದನ್ನು ಹಾಕಿದರು. ಕೆಲವು ತಿಂಗಳಲ್ಲಿ ಕಲೆ ಮತ್ತೆ ಬಂತು. ಅದರ ಜೊತೆಗೆ, ಗಾಡಿ ನಿಂತು ಎಂಜಿನ್ ಓಡುತ್ತಿರುವಾಗ ಕೆಳಗಿನಿಂದ ಸಣ್ಣಗೆ ಕೊರೆಯುವಂಥ ಸದ್ದು ಕೇಳತೊಡಗಿತು. ಅದೇ ವರ್ಕ್‌ಶಾಪಿನವರು ಈ ಸಲ ಎಣ್ಣೆಯನ್ನೇ ಬದಲಿಸಿ, ಸದ್ದು ಅಡಗುತ್ತದೆ ಎಂದು ಹೇಳಿ ಕಳುಹಿಸಿದರು. ಸದ್ದು ಸ್ವಲ್ಪ ಅಡಗಿದ್ದು ನಿಜ. ಆದರೆ ಮಾರ್ಗಶಿರದ ಚಳಿಯ ಬೆಳಗಿನಲ್ಲಿ ಎರಡನೇ ಗೇರು ಹಾಕುವುದೇ ಕಷ್ಟವಾಯಿತು. ಒಂದೆರಡು ಕಿಲೋಮೀಟರ್ ಓಡಿ ಡಬ್ಬ, ಅಂದರೆ ಗೇರ್ ಬಾಕ್ಸು, ಬಿಸಿಯಾಗುವವರೆಗೆ ಲಿವರನ್ನು ಒತ್ತಿ ಹಿಡಿದು ಕಾಯಬೇಕಾಗುತ್ತಿತ್ತು. ಮೂರನೇ ಗೇರಿಗೆ ಇಳಿಸುವಾಗ ಕರ್ರೆಂದು ಹಲ್ಲು ಕಡಿಯುವ ಸದ್ದು ಬರುತ್ತಿತ್ತು.

ವಿಷಯ ಕೈ ಮೀರಿದ್ದು ದೇವರಾಯನದುರ್ಗದ ಇಳಿಜಾರಿನಲ್ಲಿ. ನರಸಿಂಹಸ್ವಾಮಿಯ ದರ್ಶನ ಮುಗಿಸಿಕೊಂಡು ಬರುತ್ತಿದ್ದೆವು. ತಿರುವುಗಳು ಮುಗಿಯುತ್ತ ಬಂದು ರಸ್ತೆ ತುಸು ಬಿಡುವಾದಾಗ ಮೂರನೇ ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುತ್ತಿದ್ದಂತೆ ಲಿವರು ತಾನಾಗಿಯೇ ಟಕ್ಕೆಂದು ನ್ಯೂಟ್ರಲ್ಲಿಗೆ ಬಂದುಬಿಟ್ಟಿತು. ಎಂಜಿನ್ನಿನ ಹಿಡಿತ ತಪ್ಪಿದ ಕೂಡಲೇ ಗಾಡಿಯ ವೇಗ ಏರಿತು. ಬ್ರೇಕ್ ಹಿಡಿದು, ಎರಡನೇ ಗೇರಿಗೆ ಹಾಕಿ, ನಾಮದ ಚಿಲುಮೆಯ ಹತ್ತಿರ ಪಕ್ಕಕ್ಕೆ ನಿಲ್ಲಿಸಿದೆ. ಗಾಡಿಯೊಳಗೆ ಅತ್ತೆಯವರೂ ಮಕ್ಕಳೂ ಇದ್ದರು. ಇಳಿಜಾರಿನಲ್ಲಿ ಗೇರು ಬಿಟ್ಟುಕೊಳ್ಳುವ ಗಾಡಿಯಲ್ಲಿ ಅವರನ್ನು ಕೂರಿಸಿಕೊಂಡು ಒಂದು ಮೈಲಿಯೂ ಹೋಗಬಾರದೆಂದು ನನಗೆ ಅನ್ನಿಸಿತು.

ಅಲ್ಲಿ ನಿಂತಿದ್ದ ಒಬ್ಬರು ತಮ್ಮ ಟ್ರಾಕ್ಟರಿಗೆ ಹಗ್ಗ ಕಟ್ಟಿ ಊರಿನವರೆಗೆ ಎಳೆದುಕೊಂಡು ಹೋಗುತ್ತೇನೆಂದು ಬಹಳ ಪ್ರೀತಿಯಿಂದ ಹೇಳಿದರು. ನಾನು ಒಪ್ಪಲಿಲ್ಲ. ಇನ್ನೋವಾದಂಥ ಹಿಂಚಕ್ರದ ಎಳೆತದ ಗಾಡಿಯನ್ನು ಎಂಜಿನ್ ನಿಲ್ಲಿಸಿ, ನ್ಯೂಟ್ರಲ್ಲಿನಲ್ಲಿಟ್ಟು ದೂರ ಎಳೆಸಿದರೆ ಚಕ್ರದ ತಿರುಗು, ಡಬ್ಬದಿಂದ ಹಿಂದಿನ ಚಕ್ರಗಳ ಕಡೆಗೆ ಬಲ ಒಯ್ಯುವ ಉದ್ದ ದಂಡವಾದ ಪ್ರೊಪೆಲ್ಲರ್ ಶಾಫ್ಟಿನ ಮೂಲಕ, ಡಬ್ಬದಿಂದ ಬಲವನ್ನು ಹೊರಗೆ ಕೊಡುವ ಮೇನ್ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ. ಎಣ್ಣೆಯಲ್ಲಿ ಮುಳುಗಿದ್ದು ಅದನ್ನು ಮೇಲಕ್ಕೆ ಎರಚುವ ಕೌಂಟರ್ ಶಾಫ್ಟು ಮಾತ್ರ ಎಂಜಿನ್ ಓಡದೆ ತಿರುಗುವುದಿಲ್ಲ. ಹೀಗಾಗಿ ಮೇಲಿನ ಭಾಗಗಳು ಒಣಗಿಕೊಂಡೇ ಉಜ್ಜುತ್ತವೆ. ಮೊದಲೇ ಎಣ್ಣೆ ಸೋರಿರುವ ಡಬ್ಬಕ್ಕೆ ಇದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ಗಾಡಿಯನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ರಿಕವರಿ ಗಾಡಿ ಕರೆಸಿದೆವು. ಅದು ಸಿಗದ ಕಡೆಯಲ್ಲಿ ಪ್ರೊಪೆಲ್ಲರ್ ಶಾಫ್ಟನ್ನು ಬಿಚ್ಚಿಟ್ಟು ಎಳೆಸಬಹುದು, ಅಥವಾ ಹಿಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಎಳೆಸಬಹುದು.

ಮುಂದೇನು ಎಂದು ವಿಚಾರಿಸಿದಾಗ ಹಲವರು ಹೇಳಿದ್ದು ಒಂದೇ ಮಾತು: ಅಪಘಾತವಾದ ಗಾಡಿಯಿಂದ ಬಿಚ್ಚಿದ ಸೆಕೆಂಡ್ ಹ್ಯಾಂಡ್ ಡಬ್ಬ ಸಿಗುತ್ತದೆ, ಇದನ್ನು ತೆಗೆದು ಅದನ್ನು ಕೂರಿಸಿ, ಒಂದೇ ದಿನದ ಕೆಲಸ. ಆ ಡಬ್ಬದೊಳಗೆ ಏನಿದೆ, ಎಷ್ಟು ಓಡಿದೆ, ಅದರಲ್ಲಿ ಯಾವ ಎಣ್ಣೆ ಇತ್ತು ಎಂದು ಕೇಳಿದರೆ ಯಾರಲ್ಲೂ ಉತ್ತರವಿರಲಿಲ್ಲ. ನಮ್ಮ ಡಬ್ಬದೊಳಗೆ ಏನು ಸವೆದಿದೆಯೆಂದು ತಿಳಿಯುವ ಮೊದಲೇ ಅದನ್ನು ಗುಜರಿಗೆ ಹಾಕುವುದು ನನ್ನ ಮನಸ್ಸಿಗೆ ಬರಲಿಲ್ಲ. ಕೊನೆಗೆ ಶಿರಾ ಗೇಟಿನ ಕಡೆ ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ (ಹಿಂದಿನ ಎರಡು ಚಕ್ರಗಳಿಗೆ ಬಲ ಹಂಚುವ ಗೇರುಗಳ ಜೋಡಣೆ) ಕೆಲಸವನ್ನಷ್ಟೇ ಮಾಡುವ ಹಿರಿಯ ಮೇಸ್ತ್ರಿಯೊಬ್ಬರ ಶೆಡ್ಡಿಗೆ ಗಾಡಿ ಇಳಿಸಿದೆ. ಲಾರಿಗಳ ಡಬ್ಬ ಕಟ್ಟಿಯೇ ಕೈ ಪಳಗಿಸಿಕೊಂಡವರು ಅವರು.

ಅವರು ಮೊದಲು ಪಾನಾ ಕೈಗೆತ್ತಿಕೊಳ್ಳಲೇ ಇಲ್ಲ. “ಅಮ್ಮಾ, ನೀವೇ ಓಡ್ಸಿ, ನಾನು ಕೂತ್ಕೊಂಡು ಕೇಳ್ತೀನಿ. ಬಿಚ್ಚೋಕೆ ಮುಂಚೆ ಸದ್ದು ಎಲ್ಲಿಂದ ಬರ್ತಿದೆ ಅಂತ ಗೊತ್ತಾದ್ರೆ ಅರ್ಧ ಕೆಲಸ ಮುಗಿದ ಹಾಗೆ” ಎಂದರು. ಗಾಡಿ ನಿಂತಲ್ಲೇ ಎಂಜಿನ್ ಓಡಿಸಿ, ನ್ಯೂಟ್ರಲ್ಲಿನಲ್ಲಿ ಕ್ಲಚ್ಚಿನಿಂದ ಕಾಲು ತೆಗೆಯಲು ಹೇಳಿದರು: ಸದ್ದು ಬಂತು. ಕ್ಲಚ್ ಪೂರ್ತಿ ಒತ್ತಿಸಿದರು: ಸದ್ದು ಕ್ಷಣದಲ್ಲಿ ಸತ್ತುಹೋಯಿತು. ಕ್ಲಚ್ ಒತ್ತಿದಾಗ ಬರುವ ಸದ್ದಾದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ರಿಲೀಸ್ ಬೇರಿಂಗಿನದು. ಒತ್ತಿದಾಗ ನಿಲ್ಲುವುದಾದರೆ ಡಬ್ಬದೊಳಗೆ ಎಂಜಿನ್ ಜೊತೆ ತಿರುಗುವ ಇನ್‌ಪುಟ್ ಶಾಫ್ಟ್ ಅಥವಾ ಕೌಂಟರ್ ಶಾಫ್ಟಿನ ಬೇರಿಂಗಿನದು. ಕ್ಲಚ್ ಪ್ಲೇಟು ಬಿಡಿಸಿಕೊಂಡ ಕೂಡಲೇ ಆ ಎರಡೂ ನಿಲ್ಲುವುದರಿಂದ ಸದ್ದೂ ನಿಲ್ಲುತ್ತದೆ. ಆಮೇಲೆ ಶಿರಾ ಕಡೆಯ ಹೆದ್ದಾರಿಗೆ ಹೋದೆವು. ಮೇಸ್ತ್ರಿ ಮಧ್ಯದ ಸಾಲಿನಲ್ಲಿ ಕೂತು, ಕಾಲಡಿಯ ಮ್ಯಾಟ್ ಮಡಚಿ, ಎರಡು ಸೀಟಿನ ನಡುವೆ ಬಗ್ಗಿ ತಗಡಿಗೆ ಕಿವಿ ಹಚ್ಚಿಕೊಂಡರು. ಒಂದೊಂದೇ ಗೇರಿನಲ್ಲಿ ಎಳೆಸಿ, ಕಾಲು ಬಿಡಿಸಿ, ಮತ್ತೆ ಎಳೆಸಿ ಕೇಳಿದರು. ಒಂದು, ಎರಡು, ಮೂರರಲ್ಲಿ ಕೊರೆತ ಸ್ಪಷ್ಟವಾಗಿತ್ತು. ನಾಲ್ಕಕ್ಕೆ ಹಾಕಿದ ಕೂಡಲೇ ಬಹುತೇಕ ಇಲ್ಲವಾಯಿತು. ಐದರಲ್ಲಿ ಮತ್ತೆ ಬಂತು. ನಾಲ್ಕನೇ ಗೇರಿನಲ್ಲಿ ಇನ್‌ಪುಟ್ ಶಾಫ್ಟೂ ಮೇನ್ ಶಾಫ್ಟೂ ನೇರವಾಗಿ ಕೂಡಿಕೊಂಡು ಒಂದಾಗಿ ತಿರುಗುವುದರಿಂದ ಕೌಂಟರ್ ಶಾಫ್ಟಿನ ಮೇಲೆ ಭಾರ ಬೀಳುವುದಿಲ್ಲ. ಉಳಿದ ಎಲ್ಲ ಗೇರಿನಲ್ಲೂ ಎಂಜಿನ್ನಿನ ಬಲ ಅದರ ಮೂಲಕವೇ ಹಾದುಹೋಗಬೇಕು. “ಕೌಂಟರ್ ಶಾಫ್ಟ್ ಬೇರಿಂಗ್ ಹೋಗಿದೆ. ಮೂರನೇ ಗೇರ್ ಬಿಡೋದು ಬೇರೆ ಕಾಯಿಲೆ, ಅದನ್ನ ಬಿಚ್ಚಿ ನೋಡ್ಬೇಕು” ಎಂದು ಅವರು ರಸ್ತೆಯ ಬದಿಯಲ್ಲೇ ಹೇಳಿದರು. ಡಬ್ಬವನ್ನು ಮುಟ್ಟುವ ಮೊದಲೇ ಹೇಳಿದ ಈ ಮಾತು ಆಮೇಲೆ ಅಕ್ಷರಶಃ ನಿಜವಾಯಿತು.

ಗಾಡಿ ಓಡಿ ಬಂದಿದ್ದರಿಂದ ಡಬ್ಬ ಬಿಸಿಯಾಗಿತ್ತು; ಎಣ್ಣೆ ಇಳಿಸಲು ಅದೇ ಸರಿಯಾದ ಸಮಯ, ಏಕೆಂದರೆ ತಣ್ಣಗಾದ ಗೇರ್ ಆಯಿಲ್ ತಳದ ಕೊಳೆಯನ್ನು ಅಲ್ಲೇ ಬಿಟ್ಟು ನಿಧಾನವಾಗಿ ಇಳಿಯುತ್ತದೆ. ಸ್ವತಃ ಎಣ್ಣೆ ಬದಲಿಸಲು ಹೊರಡುವವರು ಇಲ್ಲಿ ಒಂದು ಕ್ರಮವನ್ನು ಪಾಲಿಸಲೇಬೇಕು. ಡಬ್ಬದ ಪಕ್ಕದಲ್ಲಿ ಮೇಲ್ಗಡೆ ಎಣ್ಣೆ ತುಂಬುವ ಬೋಲ್ಟು, ಕೆಳಗಡೆ ಇಳಿಸುವ ಬೋಲ್ಟು ಇರುತ್ತದೆ. ಮೊದಲು ಬಿಚ್ಚಬೇಕಾದದ್ದು ಮೇಲಿನದನ್ನು. ವರ್ಷಗಟ್ಟಲೆ ಮುಟ್ಟದ ಆ ಬೋಲ್ಟು ಬಿಗಿದುಕೊಂಡಿದ್ದು, ಕೆಳಗಿನದನ್ನು ಬಿಚ್ಚಿ ಎಣ್ಣೆಯೆಲ್ಲ ಇಳಿಸಿದ ಮೇಲೆ ಅದು ಬಾರದೇ ಹೋದರೆ ಡಬ್ಬ ಖಾಲಿ, ತುಂಬಲು ದಾರಿಯಿಲ್ಲ, ಗಾಡಿ ಅಲ್ಲಿಂದ ಕದಲುವಂತಿಲ್ಲ. ನಮ್ಮದು ಉದ್ದ ಹಿಡಿಯ ಪಾನಾ ಹಾಕಿದ ಮೇಲೆ ಬಂತು. ಸರಿಯಾಗಿ ತುಂಬಿದ ಡಬ್ಬದಲ್ಲಿ ಎಣ್ಣೆ ಈ ತೂತಿನ ಕೆಳ ಅಂಚಿಗೆ ಬಂದಿರಬೇಕು. ಮೇಸ್ತ್ರಿ ಕಿರುಬೆರಳನ್ನು ಒಳಗೆ ಬಗ್ಗಿಸಿ ನೋಡಿದಾಗ ಅದಕ್ಕೆ ಎಣ್ಣೆ ತಾಕಲೇ ಇಲ್ಲ. 2 ಲೀಟರಿಗಿಂತ ಹೆಚ್ಚು ಹಿಡಿಯುವ ಡಬ್ಬದಿಂದ ತಟ್ಟೆಗೆ ಇಳಿದದ್ದು ಅದರ ಅರ್ಧದಷ್ಟು ಮಾತ್ರ.

ಇಳಿದ ಎಣ್ಣೆಯನ್ನು ಅವರು ನನಗೆ ಓದಲು ಕಲಿಸಿದರು. ಕೆಳಗಿನ ಬೋಲ್ಟಿನ ತುದಿಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪಾದ ಹಿಟ್ಟು ಅಂಟಿಕೊಂಡಿರುವುದು ಯಾವ ಡಬ್ಬದಲ್ಲೂ ಸಹಜ. ಅದನ್ನು ಬೆರಳಲ್ಲಿ ಉಜ್ಜಿದಾಗ ಮರಳಿನಂತೆ ಚುಚ್ಚಿದರೆ, ಚಕ್ಕೆ ಸಿಕ್ಕರೆ ಬೇರಿಂಗೋ ಹಲ್ಲೋ ಒಡೆಯುತ್ತಿದೆ ಎಂದು ತಿಳಿಯಬೇಕು. ನಮ್ಮ ಬೋಲ್ಟಿನಲ್ಲಿ ಉಗುರಿನ ಅಂಚಿಗಿಂತ ಸಣ್ಣ ಉಕ್ಕಿನ ಚಕ್ಕೆಗಳಿದ್ದವು. ಹಿತ್ತಾಳೆ ಅಯಸ್ಕಾಂತಕ್ಕೆ ಹತ್ತುವುದಿಲ್ಲವಾದ್ದರಿಂದ ಎಣ್ಣೆಯನ್ನೇ ಬಿಸಿಲಿಗೆ ಹಿಡಿದು ನೋಡಬೇಕು. ತಟ್ಟೆಯನ್ನು ಶೆಡ್ಡಿನ ಹೊರಗೆ ತಂದು ಓರೆ ಮಾಡಿದಾಗ ಎಣ್ಣೆಯೊಳಗೆಲ್ಲ ಹೊಂಬಣ್ಣದ ಪುಡಿ ಮಿನುಗಿತು. ಸಿಂಕ್ರೋ ರಿಂಗುಗಳು (ಗೇರು ಬದಲಿಸುವಾಗ ವೇಗ ಸಮ ಮಾಡುವ ಹಿತ್ತಾಳೆಯ ಉಂಗುರಗಳು) ಕರಗುತ್ತಿವೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಎಣ್ಣೆಯ ದಪ್ಪ ನೋಡಿಯೇ ಇದು ಲಾರಿಯ ಡಿಫರೆನ್ಷಿಯಲ್ಲಿಗೆ ಹಾಕುವ, ದಪ್ಪದ ಅಳತೆಯಲ್ಲಿ 140ರ ಎಣ್ಣೆ ಎಂದು ಹೇಳಿದರು. ಬೇರಿಂಗಿನ ಸದ್ದು ಮುಚ್ಚಲು ದಪ್ಪ ಎಣ್ಣೆ ಹಾಕುವುದು ನಮ್ಮ ಕಡೆ ಇಂದಿಗೂ ನಡೆದುಬಂದಿರುವ ಪದ್ಧತಿ. ಇದರಿಂದ ಆಗುವ ಹಾನಿಯನ್ನು ಗಾಡಿ ಇರುವ ಪ್ರತಿಯೊಬ್ಬರೂ ತಿಳಿದಿರಬೇಕು ಎಂಬ ಆಸೆಯಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಗೇರು ಬದಲಿಸುವಾಗ ಕೂಡಬೇಕಾದ ಎರಡು ಭಾಗಗಳು ಬೇರೆ ಬೇರೆ ವೇಗದಲ್ಲಿ ತಿರುಗುತ್ತಿರುತ್ತವೆ. ಅವುಗಳ ನಡುವೆ ಇರುವ ಹಿತ್ತಾಳೆಯ ಸಿಂಕ್ರೋ ರಿಂಗು ಗೇರಿನ ಮೇಲಿರುವ ಕೋನಾಕಾರದ ಮೈಯನ್ನು ತಬ್ಬಿ ಹಿಡಿದು, ಎರಡರ ವೇಗವನ್ನೂ ಸಮ ಮಾಡಿ, ಆಮೇಲೆ ಗೇರನ್ನು ಶಾಫ್ಟಿಗೆ ಕೂಡಿಸುವ ಜಾರುಬಳೆಯಾದ ಸ್ಲೀವಿಗೆ ದಾರಿ ಬಿಡುತ್ತದೆ. ಹಾಗೆ ಹಿಡಿಯಬೇಕಾದರೆ ನಡುವಿನ ಎಣ್ಣೆಯ ಪದರವನ್ನು ಅದು ಕತ್ತರಿಸಿಕೊಂಡು ಒಳಹೋಗಬೇಕು; ಅದಕ್ಕಾಗಿಯೇ ರಿಂಗಿನ ಒಳಮೈಯಲ್ಲಿ ಕೂದಲೆಳೆಯಂಥ ಚೂಪು ಗೆರೆಗಳನ್ನು ಕೊರೆದಿರುತ್ತಾರೆ. ಎಣ್ಣೆ ಅತಿಯಾಗಿ ದಪ್ಪವಾದರೆ, ಅದರಲ್ಲೂ ಚಳಿಯಲ್ಲಿ, ಆ ಪದರ ಹರಿಯುವುದಿಲ್ಲ, ರಿಂಗು ಜಾರುತ್ತದೆ, ಸ್ಲೀವಿನ ಹಲ್ಲು ಗೇರಿನ ಹಲ್ಲಿಗೆ ಬಡಿದು ಕರ್ರೆನ್ನುತ್ತದೆ. ಇನ್ನೊಂದು ವಿಷಯ, ಡಿಫರೆನ್ಷಿಯಲ್ಲಿನ ಎಣ್ಣೆಗೂ ಗೇರ್ ಬಾಕ್ಸಿನ ಎಣ್ಣೆಗೂ ಇರುವ ವ್ಯತ್ಯಾಸ. ಡಿಫರೆನ್ಷಿಯಲ್ಲಿನ ಹೈಪಾಯ್ಡ್ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಉಜ್ಜುವುದರಿಂದ ಅದಕ್ಕೆ ಗಂಧಕ ಮತ್ತು ರಂಜಕದ ಅಂಶ ಹೆಚ್ಚಿರುವ ಜಿಎಲ್-5 ದರ್ಜೆಯ ಎಣ್ಣೆ ಬೇಕು. ಜಿಎಲ್-4ರಲ್ಲಿ ಆ ಅಂಶ ಸುಮಾರು ಅರ್ಧದಷ್ಟಿರುತ್ತದೆ. ಉಕ್ಕನ್ನು ಕಾಯುವ ಆ ಗಂಧಕವೇ ಕೆಲವು ಎಣ್ಣೆಗಳಲ್ಲಿ ಹಿತ್ತಾಳೆಯನ್ನು ತಿನ್ನುತ್ತದೆ. ಆದ್ದರಿಂದ ಎಣ್ಣೆಯ ಕ್ಯಾನಿನ ಮೇಲೆ “ಗೇರ್ ಆಯಿಲ್” ಎಂದಷ್ಟೇ ಓದಿ ತರಬಾರದು; ಗಾಡಿಯ ಕೈಪಿಡಿ ತೆರೆದು ದರ್ಜೆ ಮತ್ತು ದಪ್ಪ ಎರಡನ್ನೂ ನೋಡಿ ಅದನ್ನೇ ತರಬೇಕು. ನಾನು ಈಗ ಹಾಕಿಸಿರುವುದು 75ಡಬ್ಲ್ಯು-90 ದಪ್ಪದ ಜಿಎಲ್-4.

ಡಬ್ಬ ಇಳಿಸುವ ಕೆಲಸ ಮರುದಿನ ನಡೆಯಿತು. ಬ್ಯಾಟರಿಯ ತಂತಿ ತೆಗೆದು, ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ, ಒಳಗಿನಿಂದ ಗೇರ್ ಲಿವರನ್ನು ಬಿಚ್ಚಿದರು. ಪ್ರೊಪೆಲ್ಲರ್ ಶಾಫ್ಟನ್ನು ತೆಗೆಯುವ ಮುಂಚೆ ಹಿಂದಿನ ಫ್ಲಾಂಜಿನ (ಬೋಲ್ಟು ಹಾಕಿ ಕೂಡಿಸುವ ತಟ್ಟೆಯ) ಎರಡೂ ಕಡೆಗೆ ಬಿಳಿ ಬಣ್ಣದಲ್ಲಿ ಗೆರೆ ಎಳೆದರು. ಮತ್ತೆ ಅದೇ ಕೋನದಲ್ಲಿ ಕೂರಿಸದಿದ್ದರೆ ವೇಗದಲ್ಲಿ ಗಾಡಿ ನಡುಗುತ್ತದೆ. ಪೆಡಲಿನ ಒತ್ತಡವನ್ನು ದ್ರವದ ಮೂಲಕ ಪಡೆದು ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರನ್ನು ಅದರ ಪೈಪು ಬಿಚ್ಚದೆಯೇ ಪಕ್ಕಕ್ಕೆ ತಂತಿಯಲ್ಲಿ ಕಟ್ಟಿ ತೂಗುಹಾಕಿದ್ದು ನನಗೆ ಹಿಡಿಸಿತು, ಏಕೆಂದರೆ ಪೈಪು ಬಿಚ್ಚಿದರೆ ಗಾಳಿ ಹೊಕ್ಕು, ಮತ್ತೆ ಅದನ್ನು ಹೊರಹಾಕುವ ಬ್ಲೀಡಿಂಗ್ ಮಾಡುವ ಕೆಲಸ ಬೀಳುತ್ತದೆ. ಸ್ಟಾರ್ಟರ್ ಮೋಟಾರು, ರಿವರ್ಸ್ ಲೈಟಿನ ಸ್ವಿಚ್ಚು, ಅಡ್ಡಪಟ್ಟಿ, ಕೊನೆಗೆ ಡಬ್ಬವನ್ನು ಎಂಜಿನ್ನಿಗೆ ಕೂಡಿಸುವ ಬೆಲ್ ಹೌಸಿಂಗಿನ ಬೋಲ್ಟುಗಳು. ಡಬ್ಬದ ಭಾರವನ್ನು ಜಾಕಿಯ ಮೇಲೆ ಸಮವಾಗಿ ಹೊತ್ತುಕೊಂಡೇ ಹಿಂದಕ್ಕೆ ಎಳೆಯಬೇಕು. ಅರ್ಧ ಬಿಚ್ಚಿದ ಡಬ್ಬ ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗಿಹೋಗುತ್ತದೆ. ಮೇಸ್ತ್ರಿಯ ಜೊತೆಗಿದ್ದ ಹುಡುಗ ಗುಂಡಿಯೊಳಗೆ ನಿಂತು ಎರಡೂ ಕೈಯಲ್ಲಿ ಡಬ್ಬ ಹಿಡಿದು ಅಲುಗಾಡದಂತೆ ಇಳಿಸಿದ.

ಡೀಸೆಲ್ಲಿನಲ್ಲಿ ತೊಳೆದು ಮೇಜಿನ ಮೇಲಿಟ್ಟಾಗ ಸೋರಿಕೆಯ ಮೂಲ ಕಂಡಿತು. ಡಬ್ಬದ ನೆತ್ತಿಯಲ್ಲಿ ಬ್ರೀದರ್ ಎಂಬ ಸಣ್ಣ ಉಸಿರುಗಿಂಡಿ ಇರುತ್ತದೆ. ಓಡಿ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗಿ ಅಲ್ಲಿಂದ ಹೊರಹೋಗಬೇಕು. ನಮ್ಮ ಡಬ್ಬದ ಬ್ರೀದರಿಗೆ ತೋಟದ ದಾರಿಯ ಕೆಮ್ಮಣ್ಣು ಎಣ್ಣೆಯ ಜಿಡ್ಡಿನೊಂದಿಗೆ ಬೆರೆತು ಇಟ್ಟಿಗೆಯಂತೆ ಗಟ್ಟಿಯಾಗಿ ಕೂತಿತ್ತು. ಮೇಲಿನಿಂದ ಹೋಗಲಾರದ ಗಾಳಿ ಎಣ್ಣೆಯನ್ನು ಹಿಂದಿನ ಸೀಲಿನ ಕಡೆಗೆ ಒತ್ತುತ್ತಿತ್ತು. ಹೊಸ ಸೀಲು ಹಾಕಿದರೂ ಕೆಲವೇ ತಿಂಗಳಲ್ಲಿ ಮತ್ತೆ ತೊಟ್ಟಿಕ್ಕಿದ್ದು ಇದಕ್ಕೇ. ಸೀಲು ಬದಲಿಸುವಾಗ ಯಾರಾದರೂ ಕೈ ಮೇಲಕ್ಕೆ ಚಾಚಿ ಇದೊಂದನ್ನು ಒರೆಸಿದ್ದರೆ ಮುಂದಿನ ಯಾವುದೂ ಆಗುತ್ತಿರಲಿಲ್ಲ ಎಂದು ನನಗೆ ಬಹಳ ನೋವಾಯಿತು. ಸೋರಿ ಎಣ್ಣೆ ಇಳಿಯಿತು, ಎಣ್ಣೆ ಇಳಿದದ್ದಕ್ಕೆ ಬೇರಿಂಗು ಹಾಳಾಯಿತು, ಬೇರಿಂಗಿನ ಸದ್ದಿಗೆ ದಪ್ಪ ಎಣ್ಣೆ ಬಂತು, ದಪ್ಪ ಎಣ್ಣೆಗೆ ಸಿಂಕ್ರೋ ರಿಂಗು ಸವೆಯಿತು.

ಒಳಗೆ ಕಂಡದ್ದನ್ನು ಒಂದೊಂದಾಗಿ ಮೇಜಿನ ಮೇಲೆ ಬಟ್ಟೆ ಹಾಸಿ, ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಜೋಡಿಸಿದರು. ಕೌಂಟರ್ ಶಾಫ್ಟಿನ ಬೇರಿಂಗಿನ ಹಾದಿಯಲ್ಲಿ ಸಿಡುಬಿನ ಗುಳಿಗಳೆದ್ದಿದ್ದವು; ಇನ್‌ಪುಟ್ ಶಾಫ್ಟಿನದು ಅಷ್ಟು ಕೆಟ್ಟಿರದಿದ್ದರೂ ಹಿಡಿದು ಅಲ್ಲಾಡಿಸಿದರೆ ಸಡಿಲವಿತ್ತು. ಮೂರನೇ ಗೇರಿನ ಸಿಂಕ್ರೋ ರಿಂಗಿನ ಒಳಗೆ ಗೆರೆಗಳೇ ಇರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ರಿಂಗನ್ನು ಗೇರಿನ ಕೋನಿಗೆ ಒತ್ತಿ ಹಿಡಿದು ಎರಡರ ಹಲ್ಲುಗಳ ನಡುವಿನ ಸಂದಿಗೆ ಫೀಲರ್ ಗೇಜಿನ ಎಲೆ ತೂರಿಸಿ ಅಳೆಯುವುದು ಇದರ ಪರೀಕ್ಷೆ, ನಮ್ಮದರಲ್ಲಿ 0.5 ಮಿ.ಮೀ. ಎಲೆಯೂ ಹೋಗಲಿಲ್ಲ. ಆಮೇಲೆ ತಂದ ಹೊಸ ರಿಂಗಿನಲ್ಲಿ 1 ಮಿ.ಮೀ. ಎಲೆ ಸಲೀಸಾಗಿ ಹೋಯಿತು. ಗೇರು ಬಿಟ್ಟುಕೊಳ್ಳುತ್ತಿದ್ದುದರ ಕಾರಣ ಸ್ಲೀವಿನಲ್ಲೂ ಫೋರ್ಕಿನಲ್ಲೂ ಇತ್ತು. ಸ್ಲೀವಿನ ಹಲ್ಲುಗಳಿಗೆ ಹಿಂದಕ್ಕೆ ಸಣ್ಣ ಓರೆ ಕೊಟ್ಟಿರುತ್ತಾರೆ, ಭಾರ ಬಿದ್ದಾಗ ಅದು ಗೇರನ್ನು ಒಳಕ್ಕೆ ಎಳೆದು ಹಿಡಿಯುತ್ತದೆ. ಹಲ್ಲು ಬಡಿದು ಬಡಿದು ಆ ಓರೆ ಉರುಟಾಗಿಹೋಗಿತ್ತು. ಸ್ಲೀವನ್ನು ತಳ್ಳುವ ಫೋರ್ಕಿನ ಕಾಲು ಒಂದೇ ಬದಿಗೆ ಸವೆದಿತ್ತು. ಅದನ್ನು ನನ್ನ ಕೈಗೆ ಕೊಟ್ಟು, “ಲಿವರ್ ಮೇಲೆ ಕೈ ಇಟ್ಕೊಂಡು ಓಡಿಸಿದ್ರೆ ಹಿಂಗಾಗುತ್ತಮ್ಮಾ. ಕೈ ಭಾರ ಎಲ್ಲಾ ಈ ಕಾಲಿಗೆ ಬರುತ್ತೆ, ಅದು ತಿರುಗೋ ಸ್ಲೀವಿಗೆ ಉಜ್ತಾನೇ ಇರುತ್ತೆ” ಎಂದರು. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ ಆ ಫೋರ್ಕನ್ನು ತೋರಿಸಲೆಂದೇ ತಂದಿಟ್ಟುಕೊಂಡಿದ್ದೇನೆ.

ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಹಳೆಯ ಭಾಗಗಳನ್ನು ಒರೆಸಿ ಚೀಲದಲ್ಲಿ ಹಾಕಿಕೊಂಡೇ ಹೋಗಬೇಕೆಂದು ಮೇಸ್ತ್ರಿ ಹೇಳಿದ್ದರು, ಅದು ಬಹಳ ಉಪಯೋಗಕ್ಕೆ ಬಂತು. ಬೇರಿಂಗಿನ ಉಂಗುರದ ಮೇಲೆ ಕೆತ್ತಿರುವ ಸಂಖ್ಯೆಯನ್ನು ಪೂರ್ತಿ ಹೋಲಿಸಬೇಕು. ಮೊದಲ ಅಂಕಿಗಳು ಒಂದೇ ಇದ್ದು ಕೊನೆಯ ಅಕ್ಷರ ಬೇರೆಯಾದರೂ ಒಳಗಿನ ಸಡಿಲಿನ ಅಳತೆ ಬೇರೆಯಾಗಬಹುದು. ಸಿಂಕ್ರೋ ರಿಂಗಿನಲ್ಲಿ ಕಂಪನಿಯದೂ ಹೊರಗಿನದೂ ಎರಡೂ ಸಿಕ್ಕವು. ಅಕ್ಕಪಕ್ಕ ಇಟ್ಟು ನೋಡಿದಾಗ ಹೊರಗಿನದರ ಒಳಗೆರೆಗಳು ಅಷ್ಟು ಚೂಪಾಗಿರಲಿಲ್ಲ, ಹಾಗಾಗಿ ರಿಂಗು, ಸ್ಲೀವು, ಫೋರ್ಕು ಮೂರನ್ನೂ ಕಂಪನಿಯದೇ ತೆಗೆದುಕೊಂಡೆ. ಡಬ್ಬ ಹೇಗೂ ಕೆಳಗಿಳಿದಿದ್ದರಿಂದ ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗು, ಫ್ಲೈವೀಲಿನ ನಡುವಿನ ಪೈಲಟ್ ಬೇರಿಂಗು, ಎಲ್ಲ ಆಯಿಲ್ ಸೀಲುಗಳನ್ನೂ ಕೊಂಡೆ. ಹಳೆಯ ಕ್ಲಚ್ ಪ್ಲೇಟಿನಲ್ಲಿ ಇನ್ನೂ ಒಂದಿಷ್ಟು ಜೀವವಿತ್ತು. ಆದರೆ ಮುಂದೆ ಅದಕ್ಕಾಗಿ ಇದೇ ಕೂಲಿಯನ್ನು ಮತ್ತೊಮ್ಮೆ ಕೊಟ್ಟು ಡಬ್ಬ ಇಳಿಸುವುದಕ್ಕಿಂತ ಈಗಲೇ ಹಾಕುವುದು ಲಾಭ.

ಜೋಡಿಸುವ ಕೆಲಸವನ್ನು ಶೆಡ್ಡಿನ ಮೂಲೆಯ ಸ್ಟೂಲಿನ ಮೇಲೆ ಕೂತು ಇಡೀ ನೋಡಿದೆ. ಹಳೆಯ ಬೇರಿಂಗನ್ನು ಪುಲ್ಲರಿನಿಂದ ಎಳೆದರೇ ಹೊರತು ಸುತ್ತಿಗೆ ಮುಟ್ಟಲಿಲ್ಲ. ಹೊಸ ಬೇರಿಂಗನ್ನು ಶಾಫ್ಟಿಗೆ ಕೂರಿಸುವ ಮುಂಚೆ ಒಂದು ಪಾತ್ರೆಯಲ್ಲಿ ಶುದ್ಧ ಎಣ್ಣೆ ಸುರಿದು, ತಳಕ್ಕೆ ತಾಕದಂತೆ ತಂತಿಯಲ್ಲಿ ಬೇರಿಂಗನ್ನು ತೂಗುಬಿಟ್ಟು, ಸಣ್ಣ ಉರಿಯಲ್ಲಿ ಕಾಯಿಸಿದರು. ಸುಮಾರು 100 ಡಿಗ್ರಿ ಸೆಲ್ಸಿಯಸ್ ಸಾಕು. 120 ದಾಟಿದರೆ ಉಕ್ಕಿನ ಹದ ಕೆಡುತ್ತದೆ. ಕಾದು ಹಿಗ್ಗಿದ ಬೇರಿಂಗನ್ನು ದಪ್ಪ ಕೈಗವಸಿನಲ್ಲಿ ಹಿಡಿದು ಶಾಫ್ಟಿನ ಮೇಲೆ ಬಿಟ್ಟಾಗ ಅದು ತಾನಾಗಿ ಜಾರಿ ತನ್ನ ಜಾಗದಲ್ಲಿ ಕೂತಿತು, ಅದು ಕದಲದಂತೆ ತಡೆಯುವ ಸರ್‌ಕ್ಲಿಪ್ ಟಿಕ್ಕೆಂದು ಹಿಡಿಯಿತು. ಇದೇ ಬೇರಿಂಗನ್ನು ಹೊಡೆದು ಕೂರಿಸಿದ್ದರೆ ಒಳಗಿನ ಗುಂಡುಗಳು ಹಾದಿಯ ಮೇಲೆ ಅಚ್ಚು ಒತ್ತಿ, ಹೊಸದೇ ಸದ್ದು ಮಾಡತೊಡಗುತ್ತಿತ್ತು. ಪ್ರತಿ ಗೇರು ಕೂತ ಮೇಲೆ ಕೈಯಲ್ಲಿ ತಿರುಗಿಸಿ, ಸ್ಲೀವನ್ನು ಹಾಕಿ ತೆಗೆದು, ಮತ್ತೆ ಮುಂದಿನದಕ್ಕೆ ಹೋದರು. ಡಬ್ಬದ ಎರಡು ಹೋಳನ್ನು ಕೂಡಿಸುವ ಮೊದಲು ಹಳೆಯ ಅಂಟನ್ನು ಪೂರ್ತಿ ಕೆರೆದು, ಲಿಕ್ವಿಡ್ ಗ್ಯಾಸ್ಕೆಟನ್ನು ತೆಳ್ಳಗೆ ಒಂದೇ ಎಳೆಯಾಗಿ ಎಳೆದರು. ಹೆಚ್ಚಾದದ್ದು ಒಳಕ್ಕೆ ಉದುರಿ ಎಣ್ಣೆಯ ದಾರಿಗೆ ಅಡ್ಡವಾಗುತ್ತದೆ. ಕ್ಲಚ್ ಪ್ಲೇಟನ್ನು ನಡುವಿಗೆ ತರಲು ಹಳೆಯ ಇನ್‌ಪುಟ್ ಶಾಫ್ಟಿನ ತುಂಡೊಂದನ್ನು ಡಮ್ಮಿಯಾಗಿ ಬಳಸಿದರು. ಬ್ರೀದರನ್ನು ತಂತಿ ಹಾಕಿ ಬಿಡಿಸಿ, ಗಾಳಿ ಊದಿ, ಕೊನೆಗೆ ನನ್ನ ಕೈಯಲ್ಲೇ ಮುಟ್ಟಿಸಿದರು.

ತುಂಬುವ ತೂತಿನಿಂದ ಎಣ್ಣೆ ತೊಟ್ಟಿಕ್ಕುವವರೆಗೆ ತುಂಬಿ, ಗಾಡಿ ಮಟ್ಟಸವಾಗಿ ನಿಂತಿದೆಯೇ ಎಂದು ನೋಡಿ, ಮೇಲಿನ ಬೋಲ್ಟು ಬಿಗಿದ ಮೇಲೆ ಮೊದಲ ಓಡಾಟವನ್ನು ದೇವರಾಯನದುರ್ಗಕ್ಕೇ ಇಟ್ಟುಕೊಂಡೆವು. ಇಳಿಯುವಾಗ ಮೂರನೇ ಗೇರಿನಲ್ಲಿ ಬೇಕೆಂದೇ ಕಾಲು ಬಿಟ್ಟು ನೋಡಿದೆ. ಲಿವರು ಅಲುಗಲಿಲ್ಲ, ಎಂಜಿನ್ ಗಾಡಿಯನ್ನು ಹಿಡಿದೇ ಇಳಿಸಿತು. ಹಿಂದೆ ಕೂತಿದ್ದ ಮೇಸ್ತ್ರಿ ಮತ್ತೆ ನೆಲಕ್ಕೆ ಕಿವಿ ಹಚ್ಚಿದ್ದರು. ನಿಂತಾಗ ಬರುತ್ತಿದ್ದ ಕೊರೆತ ಪೂರ್ತಿ ಹೋಗಿತ್ತು. ಭಾಗಗಳು, ಕೂಲಿ, ಎಣ್ಣೆ, ರಿಕವರಿ ಗಾಡಿಯ ಬಾಡಿಗೆ ಎಲ್ಲ ಸೇರಿ ಆದ ಖರ್ಚು ಸೆಕೆಂಡ್ ಹ್ಯಾಂಡ್ ಡಬ್ಬಕ್ಕೆ ಹೇಳಿದ್ದ ಬೆಲೆಗಿಂತ ತುಸು ಹೆಚ್ಚೇ. ಆದರೆ ಈಗ ಒಳಗಿರುವ ಪ್ರತಿಯೊಂದು ಭಾಗವನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಮೊದಲ ಸಾವಿರ ಕಿಲೋಮೀಟರಿನ ನಂತರ ಎಣ್ಣೆಯನ್ನು ಮತ್ತೊಮ್ಮೆ ಇಳಿಸಿ ಹೊಸದು ಹಾಕಿಸಿದೆ, ಹೊಸ ರಿಂಗುಗಳು ಪಳಗುವಾಗ ಉದುರುವ ಪುಡಿ ಅದರೊಂದಿಗೆ ಹೋಗಲೆಂದು. ಆಗ ಅಯಸ್ಕಾಂತಕ್ಕೆ ಅಂಟಿದ್ದು ನುಣುಪಾದ ಬೂದು ಹಿಟ್ಟು ಮಾತ್ರ.

ಐದನೇ ಗೇರಿನಲ್ಲಿ ಸಣ್ಣ ಗುಂಯ್ ಸದ್ದು ಇನ್ನೂ ಉಳಿದಿದೆ. ಎಣ್ಣೆ ಕಡಿಮೆಯಿದ್ದ ಕಾಲದಲ್ಲಿ ಆ ಜೋಡಿಯ ಹಲ್ಲುಗಳ ಮೈ ಸ್ವಲ್ಪ ಸವೆದಿದೆ. ಒಂದನ್ನೇ ಬದಲಿಸಿದರೆ ಹೊಸ ಹಲ್ಲು ಹಳೆಯದಕ್ಕೆ ಹೊಂದದೆ ಸದ್ದು ಹೆಚ್ಚುತ್ತದೆ, ಜೋಡಿಯನ್ನೇ ಬದಲಿಸುವಷ್ಟು ಕೆಟ್ಟಿಲ್ಲ ಎಂದು ಮೇಸ್ತ್ರಿ ಹೇಳಿದ್ದರಿಂದ ಹಾಗೆಯೇ ಬಿಟ್ಟಿದ್ದೇವೆ. ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ಕೀಲಾದ ಕ್ರಾಸ್ ಸಡಿಲವಾಗುತ್ತ ಬಂದಿದೆ, ಅದನ್ನು ಮುಂಗಾರಿಗೆ ಮುಂಚೆ ಬದಲಿಸಬೇಕು. ಆ ದಿನವೇ ಬ್ರೀದರನ್ನೂ ಹಿಂದಿನ ಸೀಲನ್ನೂ ಇನ್ನೊಮ್ಮೆ ನೋಡಿಕೊಡುವುದಾಗಿ ಅವರು ಹೇಳಿದ್ದಾರೆ.